ಚೀಲದಕ್ಕನ ಬಾಗಿಲು

ನಮ್ಮ ಅತ್ತಿಗೆ ಏನು ಕೆಲಸ ಮಾಡುತ್ತಾಳೆ ಎಂದು ಊಟಕ್ಕೆ ಮೊದಲು ಯಾರೂ ಕೇಳಬಾರದು. ಊಟವಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಕೇಳುವುದು ಒಳ್ಳೆಯದು. ಏಕೆಂದರೆ ಕೇಳಿದರೆ ಅವಳು ಹೇಳಿಬಿಡುತ್ತಾಳೆ. ಕೈಯಲ್ಲಿ ಸೌಟು ಹಿಡಿದುಕೊಂಡು, ಬಡಿಸುತ್ತಾ ಬಡಿಸುತ್ತಾ, ಬಣ್ಣ ಹದ ವಾಸನೆ ಸಮೇತ ಹೇಳಿಬಿಡುತ್ತಾಳೆ.

ಕೆಲಸ ಇಷ್ಟು. ಕರುಳಿನಲ್ಲಿ ಗಂಟೋ ಹುಣ್ಣೋ ಆದವರಿಗೆ ಡಾಕ್ಟರು ಕೆಲವೊಮ್ಮೆ ಕೆಳಗಿನ ದಾರಿ ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದುಬಿಡುತ್ತಾರೆ. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ನೋಡಲು ಕೆಂಪಗೆ, ತೇವವಾಗಿ, ಯಾರೋ ತುಟಿ ಮುಂದೆ ಮಾಡಿಕೊಂಡು ಮುನಿಸಿಕೊಂಡ ಹಾಗಿರುತ್ತದೆ. ಆಮೇಲೆ ಹೊರಗೆ ಬರಬೇಕಾದ್ದೆಲ್ಲ ಅಲ್ಲಿಂದಲೇ ಬಂದು, ಅದರ ಮೇಲೆ ಅಂಟಿಸಿದ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಡಾಕ್ಟರು ಹೊಲಿದು ಕೈ ತೊಳೆದುಕೊಂಡು ಹೋಗುತ್ತಾರೆ. ಆ ಚೀಲ ಕಟ್ಟಿಕೊಂಡು ಮನುಷ್ಯ ಬಸ್ಸು ಹತ್ತುವುದು ಹೇಗೆ, ಮಗ್ಗುಲು ತಿರುಗಿ ಮಲಗುವುದು ಹೇಗೆ, ಮದುವೆ ಮನೆಯಲ್ಲಿ ನಾಲ್ಕು ಜನರ ಮಧ್ಯೆ ಕೂರುವುದು ಹೇಗೆ ಎಂದು ಹೇಳಿಕೊಡುವವಳು ನಮ್ಮ ಅತ್ತಿಗೆ. ಆಸ್ಪತ್ರೆಯ ಕಾಗದಗಳಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರಿದೆ. ಆಸ್ಪತ್ರೆಯ ಜನಕ್ಕೆ ಮಾತ್ರ ಅವಳು ಚೀಲದಕ್ಕ.

ಮೊದಲು ಅವಳು ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಚಾಕು ಎತ್ತಿಕೊಡುತ್ತಿದ್ದಳು. ಒಮ್ಮೆ ಒಬ್ಬ ಗಡಿಯಾರ ರಿಪೇರಿಯವನಿಗೆ ಹೀಗೆ ಚೀಲ ಹಾಕಿ ಮನೆಗೆ ಕಳಿಸಿದ್ದರು. ತಿಂಗಳಾದ ಮೇಲೆ ಅವನ ಹೆಂಡತಿ ಬಂದು, ಇವರು ಬಚ್ಚಲುಮನೆ ಬಿಟ್ಟು ಹೊರಗೇ ಬರುತ್ತಿಲ್ಲ, ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಾರೆ ಎಂದಳಂತೆ. ಚೀಲ ಬದಲಾಯಿಸಬಹುದು ಎಂದೇ ಅವನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಅತ್ತಿಗೆ ಡ್ಯೂಟಿ ಮುಗಿಸಿ ಅವನ ಮನೆಗೆ ಹೋಗಿ, ಬಚ್ಚಲುಮನೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತು, ಒಳಗಿದ್ದವನಿಗೆ ಹೇಳಿಕೊಟ್ಟಳು. ಅದಾದ ಮೇಲೆ ಹಟ ಹಿಡಿದು ಇದೇ ಕೆಲಸದ ತರಬೇತಿ ಪಡೆದಳು. ಕರುಣೆಯಿಂದ ಅಂತ ನೀವು ತಿಳಿದುಕೊಂಡರೆ ತಪ್ಪು. ಅವಳಿಗೆ ಬಂದಿದ್ದು ಸಿಟ್ಟು.

ಅವಳ ಪಾಠದಲ್ಲಿ ಎರಡು ವಿಚಿತ್ರಗಳಿವೆ. ಒಂದು, ರೋಗಿ ತನ್ನ ಸ್ಟೋಮಾಕ್ಕೆ ಒಂದು ಹೆಸರಿಡಲೇಬೇಕು. "ಹೆಸರಿಟ್ಟರೆ ಬೈಯೋಕೆ ಅನುಕೂಲ" ಅನ್ನುತ್ತಾಳೆ. ನಾನು ಬಸ್ ಕಂಡಕ್ಟರ್. ನಮ್ಮ ಡಿಪೋದ ಒಬ್ಬ ಡ್ರೈವರು ತನ್ನದಕ್ಕೆ 'ಮ್ಯಾನೇಜರು' ಎಂದು ಹೆಸರಿಟ್ಟು, ಡಿಪೋದಲ್ಲಿ ಯಾರಿಗೂ ಗೊತ್ತಾಗದ ಹಾಗೆ ದಿನವಿಡೀ ಮ್ಯಾನೇಜರಿಗೆ ಶಾಪ ಹಾಕುತ್ತಾ ಬಸ್ಸು ಓಡಿಸುತ್ತಿದ್ದ. ಎರಡನೆಯದು, ಕಂಪನಿಯವರು ಹೊಸ ಚೀಲ ಕಳಿಸಿದರೆ ಅವಳು ಮೊದಲು ತನ್ನ ಹೊಟ್ಟೆಗೇ ಅಂಟಿಸಿಕೊಳ್ಳುತ್ತಾಳೆ. ಅದರೊಳಗೆ ಹಿಟ್ಟು ಕದಡಿದ ನೀರು ತುಂಬಿಸಿಕೊಂಡು ದಿನವಿಡೀ ಓಡಾಡುತ್ತಾಳೆ. ತಾನೊಬ್ಬಳೇ ಆದರೆ ಸರಿ, ಮನೆಯವರಿಗೂ ಬಿಡುವುದಿಲ್ಲ. ನಮ್ಮಣ್ಣನಿಗೆ ಕನ್ನಡಕದ ಅಂಗಡಿ. ಒಮ್ಮೆ ಚೀಲ ಹಾಕಿಸಿಕೊಂಡು ಅಂಗಡಿಗೆ ಹೋದ, ಕೆಳಗೆ ಬಿದ್ದ ಗಾಜು ಎತ್ತಲು ಬಗ್ಗಿದ, ಗಿರಾಕಿಯ ಬೂಟಿನ ಮೇಲೆ ಹಿಟ್ಟಿನ ನೀರು. ಗಿರಾಕಿ ಕನ್ನಡಕ ತೆಗೆದುಕೊಳ್ಳದೆ ಓಡಿಹೋದ. ಅತ್ತಿಗೆ ಮಾತ್ರ, ಆ ಕಂಪನಿಯ ಅಂಟು ಬಗ್ಗುವವರಿಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿ ಸಂತೋಷಪಟ್ಟಳು.

ಅವಳ ಪ್ರಕಾರ ಪರೀಕ್ಷೆಗೆ ಹೇಳಿ ಮಾಡಿಸಿದ ಹೊಟ್ಟೆ ನನ್ನದು. ಮಡಿಕೆ ಮೇಲೆ ಮಡಿಕೆ. ದಿನವಿಡೀ ಬಸ್ಸಿನ ನೂಕಾಟ ಬೇರೆ. "ನಿನ್ನ ಹೊಟ್ಟೆ ಮೇಲೆ ನಿಂತ ಚೀಲ ಎಲ್ಲಿ ಬೇಕಾದರೂ ನಿಲ್ಲುತ್ತೆ ಕಣೇ" ಎಂದು ಹೊಗಳುತ್ತಾಳೆ. ಅವಳು ನನಗಿಂತ ಚಿಕ್ಕವಳು, ಆದರೂ ನನ್ನನ್ನು ಏಕವಚನದಲ್ಲೇ ಕರೆಯುತ್ತಾಳೆ. ನಾನೂ ಹಾಗೇ.

ಇಷ್ಟೆಲ್ಲ ಮಾಡುವವಳಿಗೆ ಆಸ್ಪತ್ರೆಯವರು ಕೊಟ್ಟಿದ್ದ ಜಾಗವಾದರೂ ಯಾವುದು? ನೆಲಮಹಡಿಯಲ್ಲಿ, ಲಿಫ್ಟಿಗೂ ಮೆಟ್ಟಿಲಿಗೂ ನಡುವೆ ಒಂದು ಮೂಲೆ. ಅದಕ್ಕೊಂದು ಹಸಿರು ಪರದೆ. ಆ ಪರದೆ ನೆಲ ಮುಟ್ಟುವುದಿಲ್ಲ, ಒಳಗಿರುವವರ ಕಾಲು ಕಾಣುತ್ತದೆ. ಲಿಫ್ಟಿಗೆ ಕಾಯುವವರಿಗೆ ಬೇರೆ ಕೆಲಸವಿಲ್ಲ, ಕಿವಿ ಇತ್ತಕಡೆಗೇ. ಅತ್ತಿಗೆ ಪಿಸುಮಾತಿನಲ್ಲಿ "ಗಟ್ಟಿಯಾಗಿ ಬರ್ತಿದೆಯಾ, ನೀರಾಗಿದೆಯಾ?" ಎಂದು ಕೇಳಬೇಕು, ರೋಗಿ ಕೈಸನ್ನೆಯಲ್ಲಿ ಉತ್ತರ ಕೊಡಬೇಕು. ಕಿವಿ ಮಂದವಾದ ಒಬ್ಬ ಮುದುಕ ಬಂದ ದಿನ ಅವನ ಸಮಾಚಾರವೆಲ್ಲ ಮೇಲಿನ ಮಹಡಿಯ ತನಕ ಹೋಯಿತು. ಅವನು ಮತ್ತೆ ಬರಲಿಲ್ಲ. ಬಾರದೆ ಉಳಿದವರು ಅವನೊಬ್ಬನೇ ಅಲ್ಲ. ಅದೇ ಅತ್ತಿಗೆಯ ಹೊಟ್ಟೆಯುರಿ. ಒಂದು ಕೋಣೆ ಕೊಡಿ, ಒಂದು ನಲ್ಲಿ, ಒಂದು ಬಾಗಿಲು ಸಾಕು ಎಂದು ನಿರ್ದೇಶಕರ ಮುಂದೆ ನಿಂತು ನಿಂತು ಅವಳಿಗೆ ಸಾಕಾಗಿತ್ತು. ನಿರ್ದೇಶಕರು ಪ್ರತಿ ಸಲವೂ "ನೋಡೋಣ" ಎಂದು ಕಿಟಕಿಯಿಂದಾಚೆ ನೋಡುತ್ತಿದ್ದರು.

ಈಗ ನಮ್ಮಮ್ಮನ ವಿಷಯಕ್ಕೆ ಬರಬೇಕು. ಬರದಿದ್ದರೆ ಅವಳು ಬಿಡುವುದೂ ಇಲ್ಲ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಟ್ರಂಕ್ ಕಾಲ್ ಕಾಲದ ಗಂಟಲು. ಪಕ್ಕದಲ್ಲಿ ಕೂತವರಿಗೂ ದೂರದೂರಿಗೆ ಹೇಳುವ ಹಾಗೇ ಹೇಳುತ್ತಾಳೆ. ಬೇರೆಯವರ ಮಾತಿನ ನಡುವೆ ತಲೆ ಹಾಕುವುದು ಆಗ ಅವಳ ಉದ್ಯೋಗವಾಗಿತ್ತು, ಈಗ ಹವ್ಯಾಸ. ಯಾರಾದರೂ ಏನಾದರೂ ತಪ್ಪು ಹೇಳಿದರೆ ತಿದ್ದದೆ ಇದ್ದರೆ ಅವಳಿಗೆ ಉಸಿರು ಕಟ್ಟುತ್ತದೆ. ನಮ್ಮಪ್ಪ ತೀರಿಕೊಂಡ ದಿನ ಅವರ ಸ್ನೇಹಿತರೊಬ್ಬರು ಕಣ್ಣೀರು ಹಾಕುತ್ತಾ, "ಇಡೀ ಜೀವನದಲ್ಲಿ ದನಿ ಎತ್ತಿ ಮಾತಾಡಿದವರಲ್ಲ" ಎಂದರು. ಹೆಣದ ಪಕ್ಕ ಕೂತಿದ್ದ ಅಮ್ಮ ತಲೆ ಎತ್ತಿ, "ಎತ್ತುತ್ತಿದ್ದರು. ಭಾನುವಾರ ಎತ್ತುತ್ತಿದ್ದರು" ಎಂದು ಹೇಳಿ ಮತ್ತೆ ಅಳತೊಡಗಿದಳು.

ಸೊಸೆಯ ಕೆಲಸದ ಬಗ್ಗೆ ಅವಳದು ಎರಡು ನಾಲಿಗೆ. ಹೊರಗಿನವರ ಮುಂದೆ "ನಮ್ಮ ಸೊಸೆ ಆಪರೇಷನ್ ಸೆಕ್ಷನ್ನಿನಲ್ಲಿ ಇದ್ದಾಳೆ" ಅನ್ನುವಳು. ಮನೆಯೊಳಗೆ "ಹೇಲು ಬಳಿಯೋಕೆ ಡಿಗ್ರಿ ಬೇರೆ ಕೇಡು" ಅನ್ನುವಳು. ವಿಶೇಷವಾಗಿ ಚಿಕ್ಕಮ್ಮನಿಗೆ, ಅಂದರೆ ಅಮ್ಮನ ತಂಗಿಗೆ, ಈ ವಿಷಯ ಗೊತ್ತಾಗಬಾರದು. ಅಕ್ಕತಂಗಿಯರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಒಬ್ಬರ ಏಳಿಗೆ ಒಬ್ಬರು ನೋಡಲಾರರು.

ಹೀಗಿರುವಾಗ ಅಮ್ಮನ ಕರುಳಿನಲ್ಲೇ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಜೀವ ಉಳಿಯಿತು, ಹೊಟ್ಟೆಯ ಮೇಲೆ ಚೀಲ ಬಂತು. ಎಚ್ಚರವಾದ ಕೂಡಲೇ ಅಮ್ಮ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಆಣೆ ಹಾಕಿಸಿದಳು: ಈ ಮಾತು ಹೊರಗೆ ಹೋದರೆ ನಾನು ಮನೆ ಬಿಟ್ಟು ಹೋಗುತ್ತೇನೆ. ಬಂಧುಬಳಗಕ್ಕೆ ಹೇಳಿದ್ದು ಪಿತ್ತಕೋಶದ ಕಲ್ಲು ಎಂದು. ಬರೀ ಹೇಳಿ ಸುಮ್ಮನಾಗಲಿಲ್ಲ. ಅಂಗಳದಿಂದ ಒಂದು ಬೆಣಚುಕಲ್ಲು ಆರಿಸಿ, ತೊಳೆದು, ಸಣ್ಣ ಗಾಜಿನ ಶೀಶೆಯಲ್ಲಿ ಹಾಕಿ ಷೋಕೇಸಿನಲ್ಲಿಟ್ಟಳು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸುವಳು. ಚಿಕ್ಕಮ್ಮ ಆ ಶೀಶೆಯನ್ನು ಬೆಳಕಿಗೆ ಹಿಡಿದು, "ಅಬ್ಬಾ, ಇಷ್ಟು ದೊಡ್ಡದು ನಿನ್ನ ಹೊಟ್ಟೇಲಿ ಹೇಗಿತ್ತೇ ಅಕ್ಕಾ!" ಎಂದು ಮತ್ತೆ ಮತ್ತೆ ಕೇಳುವಳು. ಆ ಪ್ರಶ್ನೆಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಮುಚ್ಚಿದ ಬಾಗಿಲ ಹಿಂದೆ ಅತ್ತೆ ಸೊಸೆಯರ ಯುದ್ಧ ನಡೆಯಿತು. ನಾನು ಹೊರಗೆ ನಿಂತು ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಳ್ಳಲು ಹೊರಗೆ ನಿಲ್ಲಬೇಕಾಗಿಯೂ ಇರಲಿಲ್ಲ, ಅಮ್ಮನ ಗಂಟಲಿಗೆ ಎದುರುಮನೆಯವರ ಬೆಕ್ಕು ಕೂಡ ಎದ್ದು ಹೋಗುತ್ತಿತ್ತು. ಕೊನೆಗೆ ಅಮ್ಮ ತನ್ನ ಸ್ಟೋಮಾಕ್ಕೂ ಹೆಸರಿಟ್ಟಳು. 'ತಂಗಿ' ಅಂತ. ನಾಲ್ಕು ಜನ ಸೇರಿದಲ್ಲಿ, ಮಾತಾಡಬಾರದ ಹೊತ್ತಿನಲ್ಲೇ ಸದ್ದು ಮಾಡುತ್ತದೆ, ಅದಕ್ಕೆ. ಅತ್ತಿಗೆ ಈ ಹೆಸರನ್ನು ಮನಸಾರೆ ಒಪ್ಪಿದಳು.

ಆ ವರ್ಷವೇ ಪ್ರಶಸ್ತಿಯ ಸುದ್ದಿ ಬಂದದ್ದು. ನರ್ಸುಗಳ ಸಂಘದವರು ವಿಶೇಷ ಶುಶ್ರೂಷೆಗೆ ಕೊಡುವ ಪುರಸ್ಕಾರ. ಒಂದೊಂದು ರೋಗಕ್ಕೇ ಮೀಸಲಾಗಿ ದುಡಿಯುವ ನರ್ಸುಗಳಲ್ಲಿ ಅತ್ಯುತ್ತಮರು ಯಾರು ಎಂದು ಆರಿಸುತ್ತಾರೆ. ಕೊನೆಯ ಸುತ್ತಿಗೆ ಉಳಿದವರು ಇಬ್ಬರು, ನಮ್ಮ ಅತ್ತಿಗೆ ಮತ್ತು ಅದೇ ಆಸ್ಪತ್ರೆಯ ಹೃದಯದ ನರ್ಸು. ನಿರ್ದೇಶಕರು ಎಲ್ಲರ ಎದುರು ಉತ್ಸಾಹದಲ್ಲಿ ಬಾಯಿಬಿಟ್ಟಿದ್ದರು: ಗೆದ್ದವರ ವಿಭಾಗಕ್ಕೆ ಕೆಳಗಿನ ಹಳೆಯ ಎಕ್ಸ್‌ರೇ ಕೋಣೆ. ಅದಕ್ಕೆ ನಲ್ಲಿಯೂ ಇತ್ತು, ಬಾಗಿಲೂ ಇತ್ತು, ಒಳಗಿನಿಂದ ಹಾಕುವ ಚಿಲಕವೂ ಇತ್ತು.

ನರ್ಸುಗಳೆಂದರೆ ಪ್ರಶಸ್ತಿ ಗಿಶಸ್ತಿ ಬೇಡ, ಸೇವೆಯೇ ಸಾಕು ಅನ್ನುವವರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅತ್ತಿಗೆಗೆ ಬೇಕಿತ್ತು. ಬಾಯಿಬಿಟ್ಟು ಹೇಳಿದಳು, "ನನಗೆ ಅದು ಬೇಕು. ಕೋಣೆಯೂ ಬೇಕು, ಪ್ರಶಸ್ತಿಯ ಗಾಜಿನ ಫಲಕವೂ ಬೇಕು, ಹೃದಯದವಳ ಮುಖ ನೋಡೋದೂ ಬೇಕು." ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು, ವಿನಯದಿಂದ ತಲೆ ಬಾಗಿಸುವ ಅಭ್ಯಾಸ ಮಾಡುತ್ತಿದ್ದಳು. ವಿನಯ ಅವಳ ಮುಖಕ್ಕೆ ಒಗ್ಗುತ್ತಿರಲಿಲ್ಲ. ಅಣ್ಣ ನೋಡಿ, "ಹಲ್ಲುನೋವು ಬಂದವರ ಹಾಗೆ ಕಾಣ್ತೀಯ" ಎಂದ.

ಆದರೆ ಒಂದು ನಿಯಮವಿತ್ತು. ಕೊನೆಯ ಸುತ್ತಿನಲ್ಲಿ ರೋಗಿಯೊಬ್ಬರು ವೇದಿಕೆಗೆ ಬಂದು ತಮ್ಮ ಅನುಭವ ಹೇಳಬೇಕು. ಅದಕ್ಕೇ ಹೆಚ್ಚು ಅಂಕ.

ಹೃದಯದವಳಿಗೇನು ಕಷ್ಟ? ಹೃದಯದ ರೋಗಿಗಳು ಕೇಳದಿದ್ದರೂ ಅಂಗಿ ಬಿಚ್ಚಿ ಹೊಲಿಗೆ ತೋರಿಸುವ ಜಾತಿ. ನಮ್ಮವರದು ಬೇರೆ. ಅತ್ತಿಗೆಯ ಕೆಲಸವೆಲ್ಲ ಚೆನ್ನಾಗಿ ಆಯಿತು ಅಂದರೆ, ಆ ಮನುಷ್ಯನಿಗೆ ಚೀಲ ಇದೆ ಅಂತ ಪಕ್ಕದ ಮನೆಯವನಿಗೂ ಗೊತ್ತಾಗಬಾರದು. ಡ್ರೈವರನ್ನು ಕೇಳಿದಳು. "ಸಿಸ್ಟರ್, ನಿಮಗೆ ಬೇಕಾದರೆ ಒಂದು ಕಿಡ್ನಿ ಕೊಡ್ತೀನಿ, ವೇದಿಕೆ ಮಾತ್ರ ಬೇಡ" ಎಂದ. ಚೀಲ ಹಾಕಿಸಿಕೊಂಡಿದ್ದ ಸಂಗೀತದ ಮೇಷ್ಟರೊಬ್ಬರನ್ನು ಕೇಳಿದಳು. ಅವರು ಅಳತೊಡಗಿದರು, ಇವಳೇ ಸಮಾಧಾನ ಮಾಡಿ ಕಳಿಸಿದಳು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಕೇಳಬೇಕೆಂದು ಹೋಗಿ, ಕೇಳದೆ ಬಂದಳು.

"ಒಂದು ಬಾಗಿಲು ಬೇಕು ಅಂದ್ರೆ ಯಾರಾದ್ರೂ ಒಬ್ಬರು ಊರ ಮುಂದೆ ಬಟ್ಟೆ ಎತ್ತಬೇಕಂತೆ" ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. "ಎಂಥ ನಿಯಮ ಕಣೇ ಇದು."

"ಅಮ್ಮನ್ನ ಕೇಳು" ಅಂದೆ.

"ಅತ್ತೆ ಆಣೆ ಹಾಕಿಸಿದ್ದಾರೆ. ಕೇಳಲ್ಲ."

ಒಳಗಿನ ಕೋಣೆಯಿಂದ ಅಮ್ಮ, "ಕೇಳಿದರೂ ನಾನು ಹೇಳಲ್ಲ" ಎಂದು ಕೂಗಿದಳು. ಕದ್ದು ಕೇಳಿಸಿಕೊಳ್ಳುವುದು ಕೂಡ ಹಳೆಯ ಉದ್ಯೋಗದ ಬಾಬ್ತು.

ಸಮಾರಂಭದ ದಿನ ಬೆಳಿಗ್ಗೆ ಅತ್ತಿಗೆಗೆ ಕೈಕಾಲು ಆಡುತ್ತಿರಲಿಲ್ಲ. ಹೆದರಿಕೆಯಾದಾಗ ಅವಳು ಕೆಲಸ ಮಾಡುತ್ತಾಳೆ. ಅಂದು ಸಿಕ್ಕಿದವಳು ನಾನು. ಹೊಸದಾಗಿ ಬಂದ ಚೀಲವೊಂದನ್ನು ನನ್ನ ಹೊಟ್ಟೆಗೆ ಒತ್ತಿ ಅಂಟಿಸಿ, ಹಿಟ್ಟಿನ ನೀರು ತುಂಬಿಸಿ, "ಸಂಜೆವರೆಗೂ ಕೀಳಬೇಡ, ಕೂತು ಎದ್ದು ಮಾಡು" ಎಂದಳು. ಹೀಗಾಗಿ ನಾನು ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆಯ ಕೆಳಗೆ ಗುಳುಗುಳು ಅನ್ನುತ್ತಾ ಸಮಾರಂಭಕ್ಕೆ ಹೋದೆ.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ನಿರ್ದೇಶಕರು. ನಮ್ಮ ಸಾಲಿನಲ್ಲಿ ನಾನು, ಅಣ್ಣ, ಅಮ್ಮ, ಅಮ್ಮನ ಆಚೆ ಚಿಕ್ಕಮ್ಮ. ಅಕ್ಕನ ಸೊಸೆಗೆ ಪ್ರಶಸ್ತಿ ಬಂದರೆ ಎದುರಿಗೇ ನಿಂತು ಸಹಿಸಿಕೊಳ್ಳಬೇಕೆಂದು, ಅಮ್ಮ ಎಷ್ಟು ಬೇಡವೆಂದರೂ ಕೇಳದೆ, ಚಿಕ್ಕಮ್ಮ ಬಂದಿದ್ದಳು. ಬರದಿದ್ದರೆ ಗೆಲ್ಲಿಸಿಬಿಡುತ್ತಾರೇನೋ ಎಂಬ ಭಯವೂ ಇತ್ತು.

ಹೃದಯದ ನರ್ಸಿನ ಪರವಾಗಿ ಒಬ್ಬರಲ್ಲ, ದಂಡೇ ಬಂತು. ಒಬ್ಬ ನಿವೃತ್ತ ಕುಸ್ತಿಪಟು ಮೈಕಿನ ಮುಂದೆ ಗುಂಡಿ ಬಿಚ್ಚಿ ಎದೆ ತೋರಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಅವನಿಗೆ ಇನ್ನೂ ಒಂದೆರಡು ಗುಂಡಿ ಬಿಚ್ಚುವ ಮನಸ್ಸಿತ್ತು, ಕರೆದುಕೊಂಡು ಹೋಗಿ ಕೂರಿಸಿದರು.

ಆಮೇಲೆ ಅತ್ತಿಗೆ. ಅವಳೊಬ್ಬಳೇ ವೇದಿಕೆಗೆ ಹೋಗಿ ನಿಂತಳು.

ತೀರ್ಪುಗಾರರ ಅಧ್ಯಕ್ಷೆ ಒಬ್ಬ ನಿವೃತ್ತ ಮೇಟ್ರನ್. ಬೆನ್ನು ನೆಟ್ಟಗಿಟ್ಟು ಕೂತವರು ಕೇಳಿದರು, "ನಿಮ್ಮ ರೋಗಿ ಎಲ್ಲಮ್ಮಾ?"

"ಇಲ್ಲೇ ಇದ್ದಾರೆ ಮೇಡಂ."

"ಕರೀರಿ ಮತ್ತೆ."

"ಕರೆಯೋಕಾಗಲ್ಲ. ಈ ಸಭೆಯಲ್ಲೇ ಕೂತಿದ್ದಾರೆ. ಯಾರು ಅಂತ ನೀವೇ ಹೇಳಿ ನೋಡೋಣ. ನೀವು ಕಂಡುಹಿಡಿದರೆ ನನ್ನ ಕೆಲಸ ಕೆಟ್ಟದು ಅಂತ ಲೆಕ್ಕ. ಕಂಡುಹಿಡಿಯೋಕೆ ಆಗದಿದ್ದರೆ ಅದೇ ನನ್ನ ಸಾಕ್ಷಿ."

ಇಡೀ ಸಭೆ ಪಕ್ಕದವರ ಹೊಟ್ಟೆ ನೋಡತೊಡಗಿತು. ನೋಡಿಸಿಕೊಂಡವರು ಹೊಟ್ಟೆ ಒಳಗೆಳೆದುಕೊಂಡರು. ನಿರ್ದೇಶಕರು ಕೋಟಿನ ಗುಂಡಿ ಹಾಕಿಕೊಂಡರು. ನಮ್ಮಮ್ಮ, ತನ್ನ ಮೇಲೆ ಅನುಮಾನ ಬಾರದಿರಲಿ ಎಂದು, ಚಿಕ್ಕಮ್ಮನ ಹೊಟ್ಟೆಯನ್ನೇ ದುರುಗುಟ್ಟಿ ನೋಡಿದಳು. ಚಿಕ್ಕಮ್ಮ ಕೈಚೀಲ ಅಡ್ಡ ಹಿಡಿದುಕೊಂಡು, "ನನ್ನನ್ಯಾಕೆ ನೋಡ್ತೀಯೇ?" ಎಂದಳು. ನಾನು ಅಂದುಕೊಂಡೆ, ಗೆದ್ದಳು ನಮ್ಮ ಅತ್ತಿಗೆ.

ಮೇಟ್ರನ್ ಮಾತ್ರ ಕನ್ನಡಕ ತೆಗೆದು ಒರೆಸಿದರು. "ಮಾತು ಚೆನ್ನಾಗಿದೆಯಮ್ಮಾ. ಆದರೆ ನಿಯಮ ನಿಯಮವೇ. ರೋಗಿ ಮಾತಾಡದಿದ್ದರೆ ನಿಮಗೆ ಅಂಕ ಕೊಡೋಕೆ ಬರಲ್ಲ."

ಅತ್ತಿಗೆ "ಆಗಲಿ ಮೇಡಂ" ಎಂದಳು. ಹಾಲಿನ ಪಾತ್ರೆ ಹಿಡಿದು ಅಭ್ಯಾಸ ಮಾಡಿದ್ದ ವಿನಯ ಆಗ ಅವಳ ಮುಖಕ್ಕೆ ತಾನಾಗಿ ಬಂತು. ಅದನ್ನು ನನ್ನ ಕೈಲಿ ನೋಡಲಾಗಲಿಲ್ಲ. ಕಂಡಕ್ಟರ್ ಆಗಿ ಟಿಕೆಟ್ ಇಲ್ಲದವರ ಸುಳ್ಳುಗಳನ್ನು ಕೇಳಿ ಕೇಳಿ ನನಗೂ ಒಂದಷ್ಟು ಪಾಂಡಿತ್ಯವಿದೆ. ಎದ್ದು ನಿಂತೆ. ಹೊಟ್ಟೆ ಗುಳುಕ್ ಅಂತು.

"ನನಗೆ ಚೀಲ ಇದೆ!" ಎಂದು ಕೂಗಿದೆ. ಅಷ್ಟು ಮಟ್ಟಿಗೆ ಅದು ಸತ್ಯವೇ.

ಅತ್ತಿಗೆ ವೇದಿಕೆಯ ಮೇಲಿಂದ ಕಣ್ಣಲ್ಲೇ ಬೇಡ ಬೇಡ ಎಂದಳು. ನಾನು ಆಗಲೇ ಮೆಟ್ಟಿಲು ಹತ್ತಿಯಾಗಿತ್ತು. ಮೈಕು ಕೈಗೆ ಬಂದ ಮೇಲೆ ಗೊತ್ತಾಯಿತು, ಹೇಳಲು ನನ್ನ ಹತ್ತಿರ ಅನುಭವ ಏನೂ ಇಲ್ಲ ಎಂದು. ಅಮ್ಮನದನ್ನೇ ಎತ್ತಿಕೊಂಡೆ. ಜನ ಕಣ್ಣೊರೆಸಿಕೊಳ್ಳಲಿ ಎಂದು ಸ್ವಲ್ಪ ಬೆಲ್ಲ ಹಚ್ಚಿದೆ.

"ಆಪರೇಷನ್ ಆದ ಮೇಲೆ ನಾನು ಹಗಲೂ ರಾತ್ರಿ ಕಣ್ಣೀರಿಟ್ಟೆ" ಎಂದೆ.

ನಮ್ಮ ಸಾಲಿನಿಂದ ಕುರ್ಚಿ ಕಿರುಗುಟ್ಟಿತು.

"ಊಟ ತಿಂಡಿ ಬಿಟ್ಟೆ. ಸೊರಗಿ ಕಡ್ಡಿಯಾದೆ."

"ಊಟ ಯಾರು ಬಿಟ್ಟಿದ್ದು?" ಎಂಬ ದನಿ ಕೇಳಿಸಿತು. ಅಮ್ಮ ತನಗೆ ತಾನೇ ಹೇಳಿಕೊಂಡಿದ್ದು. ಆದರೆ ಅವಳು ತನಗೆ ತಾನೇ ಹೇಳಿಕೊಂಡಿದ್ದು ಹಿಂದಿನ ಸಾಲಿನ ತನಕ ಕೇಳಿಸುತ್ತದೆ. ಅಣ್ಣ ಅವಳ ತೋಳು ಹಿಡಿದುಕೊಂಡ.

"ಆಗ ಈ ದೇವತೆ ನನ್ನ ತಲೆ ಸವರಿ ಸಮಾಧಾನ ಮಾಡಿದರು. ಇದನ್ನು ಪ್ರೀತಿಸು ಅಂದರು. ನಾನೂ ಇದಕ್ಕೆ ಪ್ರೀತಿಯಿಂದ ಮಗು ಅಂತ ಹೆಸರಿಟ್ಟೆ..."

"ಮಗು ಅಲ್ಲ!" ಅಮ್ಮ ಎದ್ದೇ ನಿಂತಿದ್ದಳು. "ತಂಗಿ! ತಂಗಿ ಅಂತ ಇಟ್ಟಿದ್ದು! ತಲೆ ಗಿಲೆ ಯಾರೂ ಸವರಲಿಲ್ಲ! ಗೊತ್ತಿಲ್ಲದಿದ್ದರೆ ಯಾಕೆ ಮಾತಾಡ್ತೀಯ?"

ಸಭೆಯೆಲ್ಲ ತಿರುಗಿತು. ಚಿಕ್ಕಮ್ಮನ ದನಿ ಕೇಳಿಸಿತು. "ಯಾರ ತಂಗಿ?"

ಅಮ್ಮನಿಗೆ ತಾನು ಏನು ಮಾಡಿದೆ ಎಂದು ಆಗ ತಿಳಿಯಿತು. ಓಡಿಹೋಗುತ್ತಾಳೆ ಅಂದುಕೊಂಡೆ. ನನ್ನ ಬಾಯಿಂದಲೇ ಅಲ್ಲವೇ ಇದೆಲ್ಲ ಆದದ್ದು. ಅವಳು ಅಣ್ಣನ ಕೈ ಕೊಡವಿಕೊಂಡು, ಹೊರಬಾಗಿಲ ಕಡೆ ಒಮ್ಮೆ ನೋಡಿ, ವೇದಿಕೆಯ ಕಡೆ ನಡೆದಳು. ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅವಳಿಗೆ ಮೈಕು ಬೇಕಾಗಿಯೂ ಇರಲಿಲ್ಲ.

"ಇವಳು ನನ್ನ ಮಗಳು. ಇವಳಿಗೆ ಏನೂ ಆಗಿಲ್ಲ. ಇವಳ ಹೊಟ್ಟೆ ತಿಂದು ತಿಂದು ಹಾಗಾಗಿರೋದು. ಚೀಲ ಇರೋದು ನನಗೆ."

ಯಾರೋ ನಕ್ಕರು. ಅಮ್ಮ ಆ ಕಡೆ ತಿರುಗಿ ನೋಡಿದಳು, ನಗು ನಿಂತಿತು.

"ಇವಳು ನನ್ನ ಸೊಸೆ. ದೇವತೆ ಅಂತೆ! ಮೊದಲನೇ ದಿನ ನಾನು ಕಣ್ಣು ಮುಚ್ಚಿಕೊಂಡೆ. ಇವಳು ಕನ್ನಡಿ ಹಿಡಿದು, ಕಣ್ಣು ಬಿಡಿ ಅತ್ತೆ, ಅದು ನಿಮ್ಮದೇ ಅಂದಳು. ನಾನು ಚೀಲ ಕಿತ್ತು ಗೋಡೆಗೆ ಎಸೆದೆ. ಗೋಡೆ ಒರೆಸಿ ಬಂದು ಇನ್ನೊಂದು ಚೀಲ ಕೈಗೆ ಕೊಟ್ಟಳು. ಒಂದು ಸಲ, ಒಂದೇ ಒಂದು ಸಲ ಕೂಡ ತಾನು ಅಂಟಿಸಲಿಲ್ಲ. ನನ್ನ ಕೈಯಲ್ಲೇ ಮಾಡಿಸಿದಳು. ಮನೆ ಸೊಸೆ! ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗೀತಾ ಅತ್ತೆ, ಅಂಚು ಒತ್ತಿ, ಅನ್ನೋಳು. ಎಂಥ ಕಟುಕಿ ಗೊತ್ತಾ ಇವಳು? ಈಗ ನಾನು ಬಸ್ಸಲ್ಲಿ ಹೋಗ್ತೀನಿ, ಮದುವೆಗೆ ಹೋಗ್ತೀನಿ, ತಂಗಿ ಮನೇಲಿ ವಾರಗಟ್ಟಲೆ ಇದ್ದು ಬರ್ತೀನಿ. ಯಾರನ್ನೂ ಕೇಳಲ್ಲ. ಇವಳನ್ನೂ ಕೇಳಲ್ಲ!"

ಇಲ್ಲಿಗೆ ಮುಗಿಯಿತು ಅಂದುಕೊಂಡು ಕೆಲವರು ಚಪ್ಪಾಳೆಗೆ ಕೈ ಎತ್ತಿದರು. ಅಮ್ಮ ಮೊದಲ ಸಾಲಿನತ್ತ ತಿರುಗಿದಳು.

"ನೀವೇ ತಾನೇ ನಿರ್ದೇಶಕರು? ಆಸ್ಪತ್ರೆಯಲ್ಲಿ ಇವಳಿಗೆ ಏನು ಕೊಟ್ಟಿದ್ದೀರಿ? ಪರದೆ! ಲಿಫ್ಟಿನ ಪಕ್ಕ! ನನ್ನ ಹೊಟ್ಟೆ ಸಮಾಚಾರ ಲಿಫ್ಟಿಗೆ ಕಾಯೋರೆಲ್ಲ ಕೇಳಬೇಕಾ? ಅದಕ್ಕೇ ನಾನು ಅಲ್ಲಿಗೆ ಕಾಲಿಡಲಿಲ್ಲ, ಮನೇಲೇ ಕಲಿತೆ. ನಮ್ಮ ಮನೇಲಿ ಬಾಗಿಲಿದೆ. ಮನೇಲಿ ಇಂಥ ಸೊಸೆ ಇಲ್ಲದವರು ಎಲ್ಲಿಗೆ ಹೋಗಬೇಕು?"

ನಿರ್ದೇಶಕರು ಅಭ್ಯಾಸಬಲದಿಂದ ಕಿಟಕಿ ಹುಡುಕಿದರು. ಸಭಾಂಗಣಕ್ಕೆ ಕಿಟಕಿ ಇರಲಿಲ್ಲ.

ಪ್ರಶಸ್ತಿ ಹೃದಯದವಳಿಗೆ ಹೋಯಿತು. ಸುಳ್ಳು ರೋಗಿಯನ್ನು ವೇದಿಕೆಗೆ ಹತ್ತಿಸಿದರೆಂದು ಅತ್ತಿಗೆಯ ಹೆಸರನ್ನೇ ಕೈಬಿಟ್ಟರು. ಮೇಟ್ರನ್ ಅದನ್ನು ಓದಿ ಹೇಳುವಾಗ ಮೂರು ಸಲ ಗಂಟಲು ಸರಿಮಾಡಿಕೊಂಡರು, ಆದರೂ ಓದಿ ಹೇಳಿದರು.

ಅಣ್ಣನ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾವು ಮೂವರು. ಅತ್ತಿಗೆ ಅತ್ತಳು. ನಾಚಿಕೆಯಿಲ್ಲದೆ, ಮೂಗು ಸೀಟಿಕೊಂಡು ಅತ್ತಳು. "ನನಗೆ ಬೇಕಾಗಿತ್ತು" ಎಂದಳು. "ಯಾರು ನಿನಗೆ ಏಳು ಅಂದಿದ್ದು? ನಾನು ಕೇಳಿದ್ನಾ?" ಎಂದು ನನ್ನ ಮೇಲೆ ಹಾರಿಬಿದ್ದಳು. ಅತ್ತೂ ಅತ್ತೂ ಸಾಕಾದ ಮೇಲೆ ಕಣ್ಣೊರೆಸಿಕೊಂಡು ನನ್ನ ಅಂಗಿಯ ತುದಿ ಎತ್ತಿ, ಚೀಲದ ಅಂಚಿನ ಸುತ್ತ ಬೆರಳಾಡಿಸಿ ನೋಡಿದಳು. "ಒಂದು ಹನಿ ಸೋರಿಲ್ಲ" ಎಂದಳು. "ಒಳ್ಳೇ ಅಂಟು."

ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮುಂದಿನ ಸೀಟಿನಿಂದ ಚಿಕ್ಕಮ್ಮ, ದಾರಿಯುದ್ದಕ್ಕೂ ತಡೆದುಕೊಂಡಿದ್ದವಳು, ಕೊನೆಗೂ ಕೇಳಿದಳು.

"ಹಾಗಾದ್ರೆ ಆ ಕಲ್ಲು?"

"ಅಂಗಳದ್ದು" ಎಂದಳು ಅಮ್ಮ.

ಚಿಕ್ಕಮ್ಮ ಆಮೇಲೆ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಕಲ್ಲಿನ ವಿಷಯದಲ್ಲಿ ಮೋಸ ಹೋದದ್ದು ಅವಳಿಗೆ ಹೆಸರಿನ ವಿಷಯಕ್ಕಿಂತ ಹೆಚ್ಚು ನೋವು ತಂದಿತ್ತು. ಒಂದು ದಿನ ತಾನಾಗಿಯೇ ಬಂದು, "ನನ್ನ ಹೆಸರಿಟ್ಟಿದ್ದೀಯಲ್ಲ, ನೋಡೋ ಹಕ್ಕು ನನಗಿಲ್ವಾ?" ಎಂದು ಜಗಳ ತೆಗೆದಳು. ಅಮ್ಮ ತೋರಿಸಿದಳು. ಚಿಕ್ಕಮ್ಮ ಬಗ್ಗಿ ಬಹಳ ಹೊತ್ತು ನೋಡಿ, "ನನ್ನ ಹಾಗೆ ಎಲ್ಲಿದೆ ಇದು?" ಎಂದಳು. ಅದು ಆಗಲೇ ಸದ್ದು ಮಾಡಬೇಕೇ. ಅಕ್ಕತಂಗಿಯರಿಬ್ಬರೂ ಮಂಚದ ಮೇಲೆ ಬಿದ್ದು ನಕ್ಕರು, ನಾನು ಬಾಗಿಲು ಎಳೆದುಕೊಂಡು ಬಂದೆ.

ಎಕ್ಸ್‌ರೇ ಕೋಣೆ ಮಾತು ಕೊಟ್ಟ ಹಾಗೆ ಹೃದಯದವರಿಗೇ ಹೋಯಿತು. ಆದರೆ ಸಮಾರಂಭದಲ್ಲಿದ್ದವರ ಬಾಯಿಂದ ಬಾಯಿಗೆ ಮಾತು ಹರಡಿ, ನಿರ್ದೇಶಕರು ಹೋದಲ್ಲೆಲ್ಲ ಜನ "ಬಾಗಿಲು ಆಯ್ತಾ ಸಾರ್?" ಎಂದು ಕೇಳತೊಡಗಿದರಂತೆ. ಮಳೆಗಾಲ ಮುಗಿಯುವಷ್ಟರಲ್ಲಿ ಗಾಲಿಕುರ್ಚಿ ತುಂಬಿಸಿಡುತ್ತಿದ್ದ ಉಗ್ರಾಣ ಖಾಲಿಯಾಯಿತು, ನಲ್ಲಿ ಬಂತು, ಬಾಗಿಲು ಬಂತು. ಅತ್ತಿಗೆ ಆ ಬಾಗಿಲನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ನೋಡಿದಳು. ಗಾಜಿನ ಫಲಕ ಬರಲಿಲ್ಲವೆಂಬ ಸಂಕಟ ಅವಳಿಗೆ ಇನ್ನೂ ಇದೆ, ಮುಚ್ಚಿಡುವುದ್ಯಾಕೆ.

ಹೊಸ ಕೋಣೆಗೆ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನಾನೇ. ಅಮ್ಮ ಒಳಗೆ ಹೋದಳು, ಘನವಾಗಿ ಬಾಗಿಲು ಹಾಕಿಕೊಂಡಳು, ಚಿಲಕ ಸರಿದ ಸದ್ದೂ ಕೇಳಿಸಿತು. ಆಮೇಲೆ ಅವಳ ಗಂಟಲು ಶುರುವಾಯಿತು. "ಈ ಚೀಲ ಸರಿಯಿಲ್ಲ ಕಣೇ! ನಿನ್ನೆ ಪಕ್ಕದ ಮನೆಯವಳ ಮುಂದೆ ತಂಗಿ ಮಾನ ಕಳೆದಳು!" ಹೊಸ ಬಾಗಿಲು ಅದಕ್ಕೆ ಯಾವ ಸಾಟಿ? ಅರ್ಧ ಆಸ್ಪತ್ರೆಗೆ ಕೇಳಿಸಿತು.

ಹೊರಗಿನ ಕುರ್ಚಿಗಳ ಕೊನೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಆಪರೇಷನ್ ಆಗಿ ಸ್ವಲ್ಪ ದಿನವಾಗಿರಬೇಕು. ಹೊಟ್ಟೆಯ ಮೇಲೆ ಶಾಲು ಮುದುರಿ ಹಿಡಿದುಕೊಂಡಿದ್ದಳು. ಜೊತೆಗೆ ಬಂದಿದ್ದ ಗಂಡ ನನ್ನ ಹತ್ತಿರ, ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿಲ್ಲ ಇವಳು ಎಂದು ಮೆಲ್ಲಗೆ ಹೇಳಿದ್ದ. ಒಳಗಿನಿಂದ ಮತ್ತೊಂದು ಬೈಗುಳ ತೂರಿಬಂದಾಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಒಳಗಿರೋರಿಗೂ... ಇದೇನಾ?" ಎಂದಳು.

"ಹೂಂ. ನಮ್ಮಮ್ಮ."

"ಹೀಗೆ ಜಗಳ ಆಡೋಷ್ಟು ಶಕ್ತಿ ಇದೆಯಾ ಅವರಿಗೆ?"

"ಮೊದಲಿಗಿಂತ ಜಾಸ್ತಿ" ಅಂದೆ.

ಅವಳು ಎದ್ದಳು. ಗಂಡ ಕೈ ಕೊಡಲು ಬಂದ, ಬೇಡ ಎಂದಳು. ಶಾಲು ಸರಿಮಾಡಿಕೊಂಡು ನಿಧಾನವಾಗಿ ಬಂದು, ಇನ್ನೂ ಚೆನ್ನಾಗಿ ಕೇಳಿಸಲಿ ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಳು.